ಆರು ಸ್ವರಗಳ ಸಿಲೋನ್ ಯಾತ್ರೆ

ಸಂಗೀತಕ್ಕೆ ಸ್ವರಗಳು ಏಳು ಎಂದು ಲೋಕವೆಲ್ಲ ಒಪ್ಪಿಕೊಂಡಿದೆ. ಒಪ್ಪದವರು ನಾನು ಕಂಡಂತೆ ಒಬ್ಬರೇ, ನಮ್ಮ ಸೋದರಮಾವ. ಆರೇ ಸ್ವರಗಳನ್ನು ಇಟ್ಟುಕೊಂಡು ಅವರು ಜಯನಗರದಲ್ಲಿ ಹನ್ನೊಂದು ವರ್ಷ ಚರ್ಚಿನ ಕ್ವಾಯರ್ ನಡೆಸಿದರು, ಕೊನೆಗೆ ಅದನ್ನು ಕಡಲು ದಾಟಿಸಿ ಸಿಲೋನಿಗೂ ಕರೆದೊಯ್ದರು. ದೇವರು ಏಳು ಕೊಟ್ಟಿರುವಾಗ ನೀವು ಒಂದನ್ನು ಬಿಟ್ಟಿರುವುದೇಕೆ ಎಂದು ಯಾರಾದರೂ ಕೇಳಿದರೆ, "ಲೋಕ ಸೃಷ್ಟಿಸಿ ಏಳನೇ ದಿನ ದೇವರೇ ಸುಮ್ಮನಿದ್ದ" ಎನ್ನುತ್ತಿದ್ದರು. ಇಂಥವರ ಜೊತೆ ವಾದ ಮಾಡಲಾದೀತೆ?

ನಿಜವಾದ ಕಾರಣ ಅವರ ಹಾರ್ಮೋನಿಯಂ. ಅಜ್ಜನ ಕಾಲದ ಆ ಪೆಟ್ಟಿಗೆಯಲ್ಲಿ ನಡುವಿನ ಒಂದು ಬಿಳಿ ಕೀ ಕೆಳಗೆ ಹೋಗುತ್ತಿರಲಿಲ್ಲ. ಮಾವ ಎಲ್ಲ ಕೀರ್ತನೆಗಳನ್ನೂ ಒಂದೇ ಶ್ರುತಿಯಲ್ಲಿ ಹಾಡಿಸುತ್ತಿದ್ದುದರಿಂದ ಸತ್ತದ್ದು ಯಾವಾಗಲೂ ಧೈವತವೇ. ಚಿಕ್ಕಪೇಟೆಯಲ್ಲಿ ಅದು ಹತ್ತು ನಿಮಿಷದ ರಿಪೇರಿ. ಮಾವ ಪೆಟ್ಟಿಗೆಯನ್ನು ಚಿಕ್ಕಪೇಟೆಗೆ ಒಯ್ಯಲಿಲ್ಲ. ಸಭೆಯ ಹಾಡುಗಾರಿಕೆಯನ್ನೇ ಪೆಟ್ಟಿಗೆಗೆ ಹೊಂದಿಸಿದರು. ಪೆಟ್ಟಿಗೆ ಹೇಳದ್ದನ್ನು ಬಾಯಿ ಹೇಳಬಾರದು ಎಂಬುದು ನಿಯಮ. ಧೈವತ ಬರುವ ಜಾಗದಲ್ಲಿ ಅವರು ತಿದಿಯ ಮೇಲಿನ ಎಡಗೈಯನ್ನು ಎತ್ತುತ್ತಿದ್ದರು. ಎಲ್ಲ ಬಾಯಿಗಳೂ ಟಪ್ಪನೆ ಮುಚ್ಚಬೇಕು. ಕೈ ಇಳಿದ ಮೇಲೆ ತೆರೆಯಬೇಕು. ಹೊಸದಾಗಿ ಕೇಳಿದವರಿಗೆ ಯಾರೋ ಹಾಡಿನ ನಡುನಡುವೆ ಬಾಗಿಲು ಹಾಕಿ ತೆಗೆಯುತ್ತಿದ್ದಾರೆ ಎನಿಸುತ್ತಿತ್ತು.

ಈ ಅಭ್ಯಾಸ ಒಮ್ಮೆ ಹಿಡಿದರೆ ಬಿಡುವುದಲ್ಲ. ನಮ್ಮ ಕ್ವಾಯರಿನ ಹುಡುಗಿಯೊಬ್ಬಳು ಮದುವೆಯಾಗಿ ಮೈಸೂರಿಗೆ ಹೋದಳು. ಮನೆಯ ಪ್ರಾರ್ಥನೆಯಲ್ಲಿ ಹಾಡುವಾಗ ಅಲ್ಲಲ್ಲಿ ನಿಂತುಬಿಡುತ್ತಿದ್ದ ಸೊಸೆಯನ್ನು ನೋಡಿ ಅತ್ತೆ ಗಾಬರಿಯಾದರು. ಉಸಿರಿನ ಕಾಯಿಲೆಯವಳನ್ನು ನಮ್ಮ ಕೊರಳಿಗೆ ಕಟ್ಟಿದರು ಎಂದು ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಎದೆ, ಬೆನ್ನು ಎಲ್ಲ ಪರೀಕ್ಷೆ ಮಾಡಿ, ಒಂದು ಕೀರ್ತನೆ ಹಾಡಮ್ಮ ಎಂದರು. ಎರಡು ಸಾಲು ಕೇಳಿ, "ಜಯನಗರದ ಕ್ವಾಯರಾ?" ಎಂದರಂತೆ. ಔಷಧಿ ಬರೆಯಲಿಲ್ಲ.

ಇಷ್ಟೆಲ್ಲ ಹಟದ ಮನುಷ್ಯ ಒಂದು ದಿನ ಇದ್ದಕ್ಕಿದ್ದಂತೆ ಸಿಲೋನಿಗೆ ಹೊರಟಿದ್ದೇಕೆ? ಅದು ಇಡೀ ಸಭೆಗೆ ಗೊತ್ತಿತ್ತು. ಮಾವನಿಗೆ ಮಾತ್ರ, ಯಾರಿಗೂ ಗೊತ್ತಿಲ್ಲ ಎಂಬ ನಂಬಿಕೆಯಿತ್ತು.

ನಮ್ಮ ಅಮ್ಮನಿಗೆ ಒಡಹುಟ್ಟಿದವರು ಇಬ್ಬರು. ಒಬ್ಬರು ಈ ಮಾವ. ಇನ್ನೊಬ್ಬರು ಎಲ್ಲರಿಗಿಂತ ಕಿರಿಯವರಾದ ನನ್ನ ಚಿಕ್ಕಮ್ಮ. ಅಮ್ಮ ಮದುವೆಯಾಗಿ ಕೋಲಾರದ ಕಡೆ ಹೋದ ಮೇಲೆ ಅಜ್ಜ, ಅಜ್ಜಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಚಿಕ್ಕಮ್ಮನನ್ನು ಓದಿಸಿದ್ದು, ಜ್ವರ ಬಂದಾಗ ಗಂಜಿ ಕಾಯಿಸಿದ್ದು, ಸ್ಕೂಲಿಗೆ ಹೊರಡುವಾಗ ಜಡೆ ಹಾಕಿದ್ದು ಎಲ್ಲ ಮಾವನೇ. ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದ ಅವರು ತಾವು ಮದುವೆಯಾಗುವುದನ್ನು ಮರೆತೇಬಿಟ್ಟಿದ್ದರು. ಬೆಂಗಳೂರಿಗೆ ತರಬೇತಿಗೆಂದು ಬಂದಿದ್ದ ಒಬ್ಬ ಕಂಪೌಂಡರನ್ನು ಚಿಕ್ಕಮ್ಮ ಮೆಚ್ಚಿದರು. ಆತ ಸಿಲೋನಿನ ಟೀ ತೋಟವೊಂದರ ಔಷಧಾಲಯದವನು, ತಮಿಳಿನವನು. ಮಾವ ಒಪ್ಪಲಿಲ್ಲ. ಜಾತಿಯದಲ್ಲ, ಭಾಷೆಯದಲ್ಲ, ದೂರದ್ದೊಂದೇ ಅವರ ತಕರಾರು. ಚಿಕ್ಕಮ್ಮ ಅವರ ತಂಗಿಯೇ ತಾನೆ, ಹಟ ಬಿಡಲಿಲ್ಲ. ಮದುವೆಯ ದಿನ ಮಾವ ಚರ್ಚಿಗೆ ಬಂದರು. ಹಾರ್ಮೋನಿಯಂ ತೆರೆದರು. ಕಾದು ನಿಂತಿದ್ದ ಮದುಮಗನನ್ನು ಒಂದು ಸಲ ನೋಡಿದರು. ಹಾರ್ಮೋನಿಯಂ ಮುಚ್ಚಿ, ತಲೆಯ ಮೇಲೆ ಹೊತ್ತು ಮನೆಯ ದಾರಿ ಹಿಡಿದರು. ಮದುಮಗಳು ಒಳಗೆ ಬರುವಾಗ ಹಾರ್ಮೋನಿಯಂ ಹೊರಗೆ ಹೋಗುತ್ತಿತ್ತು. ಬಾಗಿಲಲ್ಲಿ ಅಣ್ಣ ತಂಗಿ ಎದುರುಬದುರಾದರು. ಇಬ್ಬರೂ ಮಾತಾಡಲಿಲ್ಲ. ಹನ್ನೊಂದು ವರ್ಷ ಮಾತಾಡಲಿಲ್ಲ.

ಚಿಕ್ಕಮ್ಮನ ಕಾಗದ ಕ್ರಿಸ್ಮಸ್ಸಿಗೊಮ್ಮೆ, ಈಸ್ಟರಿಗೊಮ್ಮೆ ನಮ್ಮ ಅಮ್ಮನ ಹೆಸರಿಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ನಾವು ಬೆಂಗಳೂರಿಗೆ ಬಂದು ನೆಲೆಸಿದ್ದೆವು. ಕಾಗದ ಬಂದ ದಿನವೇ ಮಾವ ಯಾವುದಾದರೂ ನೆಪ ಮಾಡಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಪೋಸ್ಟ್‌ಮ್ಯಾನಿಗೂ ಅವರಿಗೂ ಏನು ಒಪ್ಪಂದವಿತ್ತೋ. ಬಂದವರು ಕಾಗದವನ್ನು ಮುಟ್ಟುತ್ತಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಅಕ್ಕನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಅಲ್ಲಿ ಹವಾ ಹೇಗಂತೆ?"

"ಚಳಿಯಂತೆ. ಎರಡನೇ ಮಗು ಆಗಿದೆಯಂತೆ," ಎನ್ನುವರು ಅಮ್ಮ.

"ನಾನು ಹವಾ ಕೇಳಿದೆ," ಎಂದು ಮಾವ ಕೊಡೆ ತೆಗೆದುಕೊಂಡು ಹೊರಡುವರು.

ನಾನು ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿ ಸೇರಿದ ಮೇಲೆ ಇದು ನನ್ನ ಬೆನ್ನಿಗೂ ಬಿತ್ತು. "ನಿಮ್ಮ ಪೇಪರಲ್ಲಿ ಮಂಡ್ಯದ ಹವಾ ಹಾಕ್ತೀರಿ, ಮಡಿಕೇರಿದು ಹಾಕ್ತೀರಿ. ಸಿಲೋನಿಂದು ಯಾಕಪ್ಪಾ ಹಾಕಲ್ಲ?" ಎಂದು ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಸಂಪಾದಕರಿಗೂ ಇದನ್ನೇ ಎರಡು ಸಲ ಬರೆದರು. ಮೂರನೆಯ ಪತ್ರ ಬಂದಾಗ ಸಂಪಾದಕರು ನನ್ನನ್ನು ಕರೆದು, "ಇವರಿಗೆ ಅಲ್ಲಿ ಟೀ ತೋಟ ಏನಾದರೂ ಇದೆಯೇನ್ರೀ?" ಎಂದರು. ಇಲ್ಲ ಸಾರ್, ತಂಗಿ ಇದ್ದಾರೆ ಎಂದೆ. ಸಂಪಾದಕರು ಪತ್ರವನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಪ್ರಕಟಿಸಲೂ ಇಲ್ಲ. ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಿಲೋನಿನ ಯೌವನಸ್ಥರ ಸಂಘವೊಂದು ನಮ್ಮ ಸಭೆಗೆ ಪತ್ರ ಬರೆಯಿತು. ಗಾನತಂಡವೊಂದನ್ನು ಕಳಿಸಿ, ಊಟ ವಸತಿ ನಮ್ಮದು, ಬೈಬಲ್ಲಿನ ಸುವಾರ್ತೆಯ ಹಾಡುಗಳನ್ನು ಹಾಡಿ ಹೋಗಿ ಎಂದು ಕೋರಿತ್ತು. ಮಾವ ಅದುವರೆಗೆ ಕಂಟೋನ್ಮೆಂಟಿಗೆ ಹೋಗುವುದನ್ನೇ ಪರದೇಶ ಪ್ರಯಾಣ ಎಂದು ಭಾವಿಸಿದ್ದವರು. ಆ ದಂಡಿನ ಕಡೆ ಹಾಡಲು ಕರೆದರೆ ನೀರು ಒಗ್ಗುವುದಿಲ್ಲ ಎನ್ನುತ್ತಿದ್ದರು. ಈ ಪತ್ರವನ್ನು ಓದಿದ್ದೇ ತಡ ಎದ್ದುನಿಂತು, ಸಿಲೋನಿಗೆ ಸುವಾರ್ತೆ ತಲುಪಬೇಕಾದದ್ದು ತುರ್ತಾಗಿದೆ ಎಂದರು.

ನಮ್ಮ ಪಾಸ್ಟರ್ ಅಯ್ಯನವರು ಮೆಲ್ಲಗೆ, "ಮೇಷ್ಟ್ರೇ, ಅಲ್ಲಿಗೆ ಸುವಾರ್ತೆ ತಲುಪಿ ನಾಲ್ಕು ನೂರು ವರ್ಷ ಆಯ್ತಲ್ಲ" ಎಂದರು.

"ಕನ್ನಡದಲ್ಲಿ ತಲುಪಿಲ್ಲ," ಎಂದರು ಮಾವ.

ಸಮಿತಿ ಒಪ್ಪಿತು. ಒಂಬತ್ತು ಜನರ ತಂಡ ಎಂದು ತೀರ್ಮಾನವಾಯಿತು. ಆರು ಮಂದಿ ಹುಡುಗ ಹುಡುಗಿಯರು, ಅವರಲ್ಲಿ ಸಾಲೊಮೋನ ಎಂಬಾತ ತಬಲಾ. ಹುಡುಗಿಯರ ಕಾವಲಿಗೆ ಎಸ್ತೇರಮ್ಮ. ಇವರು ಹಳೆಯ ಕ್ವಾಯರಿನವರು, ಮಾವನ ಓರಗೆಯವರು, ಸಭೆಯಲ್ಲಿ ಮಾವನಿಗೆ ಎದುರು ಮಾತಾಡುವ ಏಕೈಕ ಪ್ರಾಣಿ. ಒಂಬತ್ತನೆಯವನು ನಾನು. ನನಗೆ ಹಾಡಲು ಬಾರದು. ಆದರೆ ಪರದೇಶದಲ್ಲಿ ನಡೆಯುವುದನ್ನು ದಾಖಲಿಸಲು ಒಬ್ಬ ಬೇಕು ಎಂದು ಮಾವ ನನ್ನ ಕೈಗೆ ಮೂರು ಮೂಲೆಯ ಕಬ್ಬಿಣದ ತಾಳವನ್ನು ಕೊಟ್ಟರು. ಪ್ರತಿ ಹಾಡಿನ ಕೊನೆಯಲ್ಲಿ ಒಂದು ಸಲ ಟಣ್ ಎನ್ನಿಸುವುದು ನನ್ನ ಸೇವೆ.

ಪಾಸ್‌ಪೋರ್ಟಿಗಾಗಿ ಪೊಲೀಸು ವಿಚಾರಣೆ ನಡೆಯಿತು. ಜಯನಗರ ಆಗ ಅರ್ಧ ನೆಲದ ಮೇಲಿತ್ತು, ಅರ್ಧ ನಕ್ಷೆಯಲ್ಲಿತ್ತು. ನೆಲದ ಮೇಲಿದ್ದುದರಲ್ಲಿ ಮಾವನದು ಕೊನೆಯ ಮನೆ. ಎದುರಿಗೆ ಬೆಲ್ಲದ ವ್ಯಾಪಾರಿ ಶಿವಲಿಂಗಪ್ಪನವರ ಮನೆ, ಹಿಂದೆ ಭೈರಸಂದ್ರದವರ ರಾಗಿ ಹೊಲ. ಸಾಕ್ಷಿ ಹೇಳುವುದಕ್ಕೆ ಇದ್ದವರು ಶಿವಲಿಂಗಪ್ಪನವರೊಬ್ಬರೇ. ದಫೇದಾರರು ಜಗಲಿಯ ಮೇಲೆ ಕೂತು, "ಎದುರು ಮನೆಯವರು ಎಂಥವರು ಸ್ವಾಮಿ?" ಎಂದರು.

"ದೇವರಂಥ ಮನುಷ್ಯ. ದಿನಾ ಬೆಳಿಗ್ಗೆ ಐದೂವರೆಗೆ ಪೆಟ್ಟಿಗೆ ಬಾರಿಸ್ತಾರೆ."

"ಸಿಲೋನಿಗೆ ಹೋಗ್ತಾರಂತೆ."

"ಹೌದಾ? ಎಷ್ಟು ದಿವಸ?"

"ಮೂರು ವಾರ ಅಂತ ಬರೆದಿದ್ದಾರೆ."

ಶಿವಲಿಂಗಪ್ಪನವರು ಸ್ವಲ್ಪ ಯೋಚಿಸಿ, "ಒಳ್ಳೇವರು ಸಾರ್. ಮೂರು ತಿಂಗಳು ಅಂತ ಬರ್ಕೊಳ್ಳಿ," ಎಂದರು.

ಇನ್ನೊಂದು ಸಮಸ್ಯೆ ಹಡಗಿನದು. ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗಿನಲ್ಲಿ ಹೋಗಬೇಕು. ನಮ್ಮಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಹಡಗು ಅಲ್ಲಾಡುತ್ತದೆ, ಅಲ್ಲಾಡಿದರೆ ಹಾಡು ಕೆಡುತ್ತದೆ, ಆದ್ದರಿಂದ ಅಲ್ಲಾಡುತ್ತ ಹಾಡುವುದನ್ನು ಮೊದಲೇ ಕಲಿಯಬೇಕು ಎಂಬುದು ಮಾವನ ತರ್ಕ. ಹಡಗಿನಲ್ಲಿ ನಾವು ಹಾಡಬೇಕೆಂದು ಯಾರೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು. ಭೈರಸಂದ್ರದ ಮುನಿಯಪ್ಪನ ಎತ್ತಿನ ಗಾಡಿ ಗೊತ್ತಾಯಿತು. ಬಡಾವಣೆಯ ಹೊಸ ರಸ್ತೆಗಳಿಗೆ ಆಗ ದಪ್ಪ ಜಲ್ಲಿ ಹರವಿ, ಮೇಲೆ ಏನೂ ಹಾಕದೆ ಬಿಟ್ಟಿದ್ದರು. ಕಡಲಿಗೆ ಅದಕ್ಕಿಂತ ಹತ್ತಿರದ ವಸ್ತು ಬೆಂಗಳೂರಿನಲ್ಲಿ ಇರಲಿಲ್ಲ. ಹದಿನೈದು ದಿನ, ಸಂಜೆ ನಾಲ್ಕರಿಂದ ಆರರ ತನಕ, ಒಂಬತ್ತು ಜನ ಹಾರ್ಮೋನಿಯಂ ಸಮೇತ ಗಾಡಿಯಲ್ಲಿ ಕೂತು ಜಲ್ಲಿಯ ಮೇಲೆ ಕೀರ್ತನೆ ಹಾಡುತ್ತ ತಿರುಗಿದೆವು. ನಾಟಕದ ಕಂಪನಿ ಬಂದಿದೆ ಎಂದು ಮಕ್ಕಳು ಹಿಂದೆ ಓಡಿ ಬರುತ್ತಿದ್ದರು. ಹೆಂಗಸರು ಬಾಗಿಲಿಗೆ ಬಂದು ಮದುಮಗಳು ಯಾರು ಎಂದು ಹುಡುಕುತ್ತಿದ್ದರು. ಎಸ್ತೇರಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡು, "ಕಡಲಲ್ಲೇ ಮುಳುಗೋದು ವಾಸಿ ಮೇಷ್ಟ್ರೇ. ಅಲ್ಲಿ ಗುರುತಿನವರು ಯಾರೂ ನೋಡಲ್ಲ," ಎಂದರು.

ಹದಿನಾರನೆಯ ದಿನ ಮುನಿಯಪ್ಪ ಗಾಡಿ ತರಲಿಲ್ಲ. ಬಂದು ಕೈಮುಗಿದು ನಿಂತ.

"ಸ್ವಾಮಿ, ನೀವು ಕೈ ಎತ್ತಿ ಹಾಡು ನಿಲ್ಲಿಸ್ತೀರಲ್ಲ, ಅದು ನನ್ನ ಎತ್ತುಗಳಿಗೆ ಅಭ್ಯಾಸ ಆಗೋಗದೆ. ನಿನ್ನೆ ಗೊಬ್ಬರ ಹೊಡೀವಾಗ ನಾನೇ ಒಂದು ಪದ ಹೇಳ್ಕಂಡ್ ಹೋಯ್ತಿದ್ದೆ. ಎರಡೂ ಟಕ್ಕಂತ ನಿಂತು ಆಕಾಶ ನೋಡ್ತಾವೆ."

"ಎಲ್ಲಿ ನಿಂತವು?" ಎಂದು ಮಾವ ಕುತೂಹಲದಿಂದ ಕೇಳಿದರು. ಮುನಿಯಪ್ಪ ತನ್ನ ಪದವನ್ನು ಹಾಡಿ ತೋರಿಸಿದ. ಮಾವ ಕಣ್ಣು ಮುಚ್ಚಿ ಕೇಳಿ, "ಸರಿಯಾದ ಜಾಗದಲ್ಲೇ ನಿಂತಿವೆ," ಎಂದರು. ನಮ್ಮಲ್ಲಿ ಇನ್ನೂ ತಪ್ಪು ಮಾಡುತ್ತಿದ್ದ ಇಬ್ಬರಿಗೆ ಆ ಎತ್ತುಗಳನ್ನು ನೋಡಿ ಕಲಿಯಬೇಕೆಂದು ಬುದ್ಧಿ ಹೇಳಿದರು.

ತಿರುಚ್ಚಿಯಲ್ಲಿ ರೈಲು ಬದಲಿಸಿ ಧನುಷ್ಕೋಟಿಗೆ ಹೋದೆವು. ಅಲ್ಲಿಂದ ಹಡಗು. ಆ ಮಧ್ಯಾಹ್ನ ಸಮುದ್ರ ಲಾಲ್‌ಬಾಗಿನ ಕೆರೆಯಂತೆ ನಿಶ್ಚಲವಾಗಿತ್ತು. ಹಡಗು ಒಂದಿಷ್ಟೂ ಅಲ್ಲಾಡಲಿಲ್ಲ. ಮಾವನಿಗೆ ಭಾರೀ ನಿರಾಶೆಯಾಯಿತು. ನಮಗೆ ಅಭ್ಯಾಸ ತಪ್ಪಬಾರದೆಂದು ಹಾಡುವಾಗ ನಾವೇ ಅಲ್ಲಾಡಬೇಕು ಎಂದು ಅಪ್ಪಣೆ ಮಾಡಿದರು. ಅಲ್ಲಾಡದ ಹಡಗಿನಲ್ಲಿ ಅಲ್ಲಾಡುತ್ತ ಹಾಡುವ ಒಂಬತ್ತು ಜನರನ್ನು ನೋಡಿ ಪಕ್ಕದಲ್ಲಿದ್ದ ಒಬ್ಬ ಅಜ್ಜಿಗೆ ತಲೆ ಸುತ್ತಿ ವಾಂತಿಯಾಯಿತು. ಆ ದಿನದ ಪ್ರಯಾಣದಲ್ಲಿ ವಾಂತಿ ಮಾಡಿದವರು ಅವರೊಬ್ಬರೇ.

ಆಚೆ ದಡದಲ್ಲಿ ಕಸ್ಟಮ್ಸ್. ಎಲ್ಲರಿಗೂ ಒಂದೊಂದು ಫಾರಂ ಕೊಟ್ಟರು. ನಿಮ್ಮ ಬಳಿ ಸಸ್ಯ, ಸಸಿ, ಬೀಜ ಏನಾದರೂ ಇದೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ಪರದೇಶದ ಬೀಜದಿಂದ ಟೀ ಗಿಡಗಳಿಗೆ ರೋಗ ತಗಲಬಾರದಲ್ಲ. ಎಂಟು ಜನ ಇಲ್ಲ ಎಂದು ಬರೆದೆವು. ಎಸ್ತೇರಮ್ಮನವರ ಉಪ್ಪಿನಕಾಯಿ ಜಾಡಿಯಲ್ಲಿ ಮಾವಿನ ಓಟೆಗಳಿದ್ದವು. ಅವರೂ ಇಲ್ಲವೆಂದೇ ಬರೆದರು. ಸುಳ್ಳು ಬರೆಯಲಾರದವರು ಮಾವ ಒಬ್ಬರೇ. ಅವರು ತಮ್ಮ ಮುತ್ತಿನಂಥ ಅಕ್ಷರದಲ್ಲಿ 'ಹುಣಿಸೆ ಬೀಜ, ಒಂದು' ಎಂದು ಬರೆದು ಸಹಿ ಹಾಕಿದರು.

ಅಧಿಕಾರಿ ಅದನ್ನು ಎರಡು ಸಲ ಓದಿದರು. ಮಾತುಕತೆ ತಮಿಳಿನಲ್ಲಿ ನಡೆಯಿತು. ಬೆಂಗಳೂರಿನವರಿಗೆ ಅದೇನೂ ಕಷ್ಟವಲ್ಲ.

"ಬೀಜ ಎಲ್ಲಿದೆ?"

"ಹಾರ್ಮೋನಿಯಂ ಒಳಗೆ. ಕೀ ಕೆಳಗೆ."

"ಯಾರು ಬಚ್ಚಿಟ್ಟಿದ್ದು?"

"ಬಚ್ಚಿಟ್ಟಿದ್ದಲ್ಲ ಸಾರ್. ನನ್ನ ತಂಗಿ ಅದರ ಮೇಲೆ ಅಳಗುಳಿಮಣೆ ಇಟ್ಟುಕೊಂಡು ಆಡ್ತಿದ್ದಳು. ಒಂದು ಬೀಜ ಜಾರಿ ಒಳಗೆ ಬಿತ್ತು."

"ಯಾವಾಗ?"

"ಅವಳಿಗೆ ಆರು ವರ್ಷ."

"ಈಗ?"

"ಮೂವತ್ತಮೂರು."

ಅಧಿಕಾರಿ ಪೆನ್ನು ಕೆಳಗಿಟ್ಟರು. ತೆಗೆದು ಬಿಸಾಡಿ, ಮುಂದೆ ನಡೆಯಿರಿ ಎಂದರು. ಮಾವ ತಲೆಯಾಡಿಸಿದರು. ಬೀಜ ತೆಗೆಯುವುದಾದರೆ ನಾನು ಇಲ್ಲಿಂದಲೇ ವಾಪಸು ಹೋಗುತ್ತೇನೆ ಎಂದರು. ನಮ್ಮ ಹಿಂದಿನ ಸಾಲು ಹಡಗಿನ ತನಕ ಬೆಳೆದಿತ್ತು. ನನಗೆ ಆಗ ನಿಜವಾಗಿ ಆತಂಕವಾಯಿತು. ಈ ಮನುಷ್ಯ ಹೇಳಿದಂತೆ ಮಾಡುವವರು. ಹನ್ನೊಂದು ವರ್ಷ ಕಾದು, ಕಡಲು ದಾಟಿ, ಒಂದು ಹುಣಿಸೆ ಬೀಜಕ್ಕಾಗಿ ತಂಗಿಯನ್ನು ನೋಡದೆ ತಿರುಗಿ ಹೋಗುವುದು ಅವರಿಗೆ ಅಸಾಧ್ಯವೇನಲ್ಲ.

"ಇದು ಮೊಳೆಯುತ್ತದೆಯೇ?" ಎಂದು ಅಧಿಕಾರಿ ಕೇಳಿದರು.

"ಮೊಳೆಯೋದಾಗಿದ್ದರೆ ಇಷ್ಟು ಹೊತ್ತಿಗೆ ನಾನು ಮರ ಬಾರಿಸ್ತಾ ಇರಬೇಕಿತ್ತು ಸಾರ್."

ಅಧಿಕಾರಿ ನಗಲಿಲ್ಲ. ಒಂದು ಹಾಡು ಹಾಡಿ ನೋಡೋಣ ಎಂದರು. ಹಾಡಿದೆವು. ಮಾವನ ಕೈ ಮೇಲೆದ್ದಾಗಲೆಲ್ಲ ಅಧಿಕಾರಿ ಗಂಭೀರವಾಗಿ ಫಾರಮ್ಮಿನಲ್ಲಿ ಒಂದು ಗೀಟು ಎಳೆದರು. ಕೊನೆಗೆ ಒಂದು ಆದೇಶ ಬರೆದರು. ಸದರಿ ಬೀಜ ಹೇಗೆ ಬಂದಿದೆಯೋ ಹಾಗೆಯೇ ಹಿಂದಿರುಗತಕ್ಕದ್ದು, ಸಿಲೋನಿನ ನೆಲದಲ್ಲಿ ಎಲ್ಲಿಯೂ ಅದನ್ನು ಹೊರತೆಗೆಯಕೂಡದು. ಬಾರಿಸಲು ಅಡ್ಡಿಯಾಗದಂತೆ ಹಾರ್ಮೋನಿಯಮ್ಮಿನ ಪಕ್ಕಕ್ಕೆ ಕೆಂಪು ಅರಗಿನ ಮುದ್ರೆ ಬಿತ್ತು. ಮಾವ ಆ ಕಾಗದವನ್ನು ಬೈಬಲ್ಲಿನೊಳಗೆ ಇಟ್ಟುಕೊಂಡರು. ಧೈವತವಿಲ್ಲದಿರುವುದು ಅದುವರೆಗೆ ಅವರ ಹಟವಾಗಿತ್ತು. ಈಗ ಒಂದು ಸರ್ಕಾರದ ಆಜ್ಞೆಯೂ ಆಯಿತು.

ಕೊಲಂಬೊದಲ್ಲಿ ನಮ್ಮನ್ನು ಬಹಳ ಪ್ರೀತಿಯಿಂದ ನೋಡಿಕೊಂಡರು. ಅಲ್ಲಿನ ಚರ್ಚಿನಲ್ಲಿ ಆಳೆತ್ತರದ ಆರ್ಗನ್ ಇತ್ತು. ಅದನ್ನೇ ಬಳಸಿ ಎಂದರು. ಮಾವ ನಯವಾಗಿ ಬೇಡವೆಂದು ತಮ್ಮ ಮುದ್ರೆ ಒತ್ತಿದ ಪೆಟ್ಟಿಗೆಯನ್ನೇ ಬಿಚ್ಚಿದರು. ಮೊದಲ ಕೀರ್ತನೆಯಲ್ಲಿ ಮೊದಲ ಸಲ ಅವರ ಕೈ ಮೇಲೆದ್ದು ಹಾಡು ನಿಂತಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಎರಡನೆಯ ಸಲ ಮುಂದಿನ ಸಾಲಿನ ಹಿರಿಯರೊಬ್ಬರು ಭಕ್ತಿಯಿಂದ ತಲೆ ಬಾಗಿಸಿದರು. ಮೂರನೆಯ ಸಲಕ್ಕೆ ಇಡೀ ಸಭೆ ತಲೆ ಬಾಗಿಸಿತು. ಹಾಡಿನ ನಡುವೆ ಮೌನಪ್ರಾರ್ಥನೆ ಮಾಡುವುದು ಮೈಸೂರು ಸೀಮೆಯ ಕ್ರೈಸ್ತರ ಪದ್ಧತಿ ಎಂದು ಅವರು ತಿಳಿದಿದ್ದರು. ಮರುದಿನದ ಕೂಟದಲ್ಲಿ ಅಲ್ಲಿನ ಯೌವನಸ್ಥರು ನಮ್ಮ ಗೌರವಾರ್ಥ ಒಂದು ಹಾಡು ಹಾಡಿದರು. ತುಂಬು ಆರ್ಗನ್ನಿನ ಜೊತೆ ಶುರುವಾದ ಹಾಡು ನಡುವೆ ನಿಂತಿತು. ತಲೆಗಳೆಲ್ಲ ಬಾಗಿದವು. ಮತ್ತೆ ಶುರುವಾಯಿತು.

ಅಲ್ಲಿನ ಪಾಸ್ಟರು ಮಾವನ ಕೈ ಹಿಡಿದು, ನಿಮ್ಮ ಮೌನದಿಂದ ನಾವು ಬಹಳ ಕಲಿತೆವು ಎಂದರು. ಈಗಲಾದರೂ ಇವರು ನಿಜ ಹೇಳುತ್ತಾರೆ ಎಂದು ನಾನು ಕಾದೆ. ಫಾರಮ್ಮಿನಲ್ಲಿ ಒಂದು ಬೀಜವನ್ನೂ ಬಿಡದೆ ಬರೆದ ಸತ್ಯವಂತರಲ್ಲವೇ?

"ಅಭ್ಯಾಸ ಬೇಕು," ಎಂದರು ಮಾವ. "ನಮ್ಮಲ್ಲಿ ಎತ್ತುಗಳೂ ಮಾಡುತ್ತವೆ."

ನಾನು ಪತ್ರಿಕೆಗೆ ಕಳಿಸಿದ ವರದಿಯಲ್ಲಿ ಜಯನಗರದ ಗಾನತಂಡಕ್ಕೆ ಕೊಲಂಬೊದಲ್ಲಿ ಉತ್ತಮ ಸ್ವಾಗತ ದೊರೆಯಿತು ಎಂದಷ್ಟೇ ಬರೆದೆ. ಅದು ಸತ್ಯ. ಸತ್ಯದಲ್ಲಿ ಇನ್ನೆಷ್ಟು ಹೇಳಬೇಕೆಂಬುದು ಜಾಗದ ಪ್ರಶ್ನೆ.

ಪ್ರವಾಸದ ಪಟ್ಟಿಯನ್ನು ಟೈಪ್ ಮಾಡಿಸಿದ್ದು ಮಾವ. ಅದರ ಕೊನೆಯಲ್ಲಿ ಬೆಟ್ಟದ ಸೀಮೆಯ ಒಂದು ಟೀ ತೋಟದ ಪುಟ್ಟ ಚರ್ಚಿನ ಹೆಸರಿತ್ತು. ಅಲ್ಲಿಂದ ನಮಗೆ ಆಹ್ವಾನ ಬಂದಿರಲಿಲ್ಲ. ಬೆಟ್ಟ ಹತ್ತುವ ರೈಲಿನಲ್ಲಿ ಎಸ್ತೇರಮ್ಮನವರು ಪಟ್ಟಿ ನೋಡುತ್ತ ಕೇಳಿದರು.

"ಇಲ್ಲಿಗೆ ನಮ್ಮನ್ನ ಯಾರು ಕರೆದರು ಮೇಷ್ಟ್ರೇ?"

"ಆತ್ಮದ ಪ್ರೇರಣೆ ಆಯ್ತು."

"ಆ ಆತ್ಮಕ್ಕೆ ಇಬ್ಬರು ಮಕ್ಕಳಂತೆ, ಅಲ್ವಾ?"

ಮಾವ ಕಿಟಕಿಯ ಹೊರಗೆ ನೋಡಿ, "ಹವಾ ತಂಪಾಗ್ತಾ ಇದೆ," ಎಂದರು. ಎದ್ದುಹೋಗಿ ಬಾಗಿಲ ಬಳಿ ನಿಂತರು. ಆ ದಿನ ಹೊಸ ಕೋಟು ಹಾಕಿದ್ದರು. ಜಯನಗರದಲ್ಲಿ ಹೊಲಿಸಿ, ಮೂರು ವಾರ ಮುಟ್ಟದೆ, ಆ ದಿನಕ್ಕೆಂದೇ ಎತ್ತಿಟ್ಟಿದ್ದ ಕೋಟು.

ಅವರು ದೂರ ಹೋದ ಮೇಲೆ ಎಸ್ತೇರಮ್ಮನವರು ಹುಡುಗಿಯರ ಕಡೆ ತಿರುಗಿ ದನಿ ತಗ್ಗಿಸಿದರು. ಅವರು ಹೇಳಿದ ಸಂಗತಿ, ಕೋಲಾರದ ಕಡೆ ಬೆಳೆದ ನನಗೂ ಗೊತ್ತಿರಲಿಲ್ಲ.

"ಬೀಜ ಬಿದ್ದು ಕೀ ಹೋಯ್ತಲ್ಲ, ಆಗ ಇವರಪ್ಪ ಅವಳಿಗೆ ಒಂದು ಶಿಕ್ಷೆ ಕೊಟ್ಟರು. ಸ್ವರ ಕೆಡಿಸಿದವಳು ನೀನು, ಇನ್ಮೇಲೆ ಆ ಸ್ವರ ನೀನೇ ಹಾಡು ಅಂತ. ಆರು ವರ್ಷದ ಮಗು, ಪೆಟ್ಟಿಗೆ ಪಕ್ಕ ಸ್ಟೂಲ್ ಮೇಲೆ ನಿಲ್ಲಿಸ್ತಿದ್ರು. ಆ ಜಾಗ ಬಂದಾಗ ನಾವೆಲ್ಲ ಬಾಯಿ ಮುಚ್ಚಬೇಕು, ಅವಳೊಬ್ಬಳೇ ಹಾಡಬೇಕು. ಮೇಷ್ಟ್ರು ಕೈ ಎತ್ತುತಿದ್ದಿದ್ದು ನಮ್ಮನ್ನ ನಿಲ್ಲಿಸೋಕೆ ಅಲ್ಲ ಕಣ್ರೇ, ಅವಳಿಗೆ ಹಾಡು ಅಂತ ಹೇಳೋಕೆ. ಮದುವೆ ತನಕ ಹಾಗೇ ನಡೀತು. ಅವಳು ಹೋದಳು. ನಾವು ಮಾತ್ರ ಇವತ್ತಿಗೂ ಬಾಯಿ ಮುಚ್ಕೊಂಡೇ ಇದೀವಿ."

ಸಾಲೊಮೋನ, "ಹಂಗಾದ್ರೆ ಏಳನೇ ದಿನ ದೇವರು ಸುಮ್ಮನಿದ್ದ ಅನ್ನೋದು?" ಎಂದ.

"ಅದು ನಿಮಗೆ," ಎಂದರು ಎಸ್ತೇರಮ್ಮ.

ಸ್ಟೇಷನ್ನಿನಲ್ಲಿ ಒಬ್ಬರು ಕಾಯುತ್ತಿದ್ದರು. ನಡುವಯಸ್ಸು, ತಲೆಗೆ ಉಣ್ಣೆಯ ಮಫ್ಲರು. ಚಿಕ್ಕಮ್ಮನ ಗಂಡ. ಅಮ್ಮ ಮಾವನಿಗೆ ಹೇಳದೆ ಕಾಗದ ಬರೆದಿದ್ದರು. ಮಾವ ಹನ್ನೊಂದು ವರ್ಷ ಈತನನ್ನು ಕಂಪೌಂಡರ್ ಎಂದಲ್ಲದೆ ಬೇರೆ ಹೆಸರಿನಿಂದ ಕರೆದವರಲ್ಲ. ಆತ ನಮಸ್ಕಾರ ಮಾಡಿ, "ಬನ್ನಿ ಭಾವ," ಎಂದು ಕಲಿತ ಕನ್ನಡದಲ್ಲಿ ಹೇಳಿ, ಹಾರ್ಮೋನಿಯಮ್ಮನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ತೋಟಕ್ಕೆ ಎರಡು ಮೈಲಿ ಏರುದಾರಿ.

ಮಾವ ಒಂದು ಕ್ಷಣ ಆ ತಲೆಯನ್ನೂ ಅದರ ಮೇಲಿನ ಪೆಟ್ಟಿಗೆಯನ್ನೂ ನೋಡಿದರು. "ಹುಷಾರು. ಸರ್ಕಾರದ ಸೀಲಿದೆ," ಎಂದರು.

ಅರ್ಧ ದಾರಿ ಏರಿದೆವು. ಆಮೇಲೆ ಆತ ನನ್ನ ಪಕ್ಕ ನಡೆಯುತ್ತ ಮೆಲ್ಲಗೆ ಹೇಳಿದರು. "ಅವಳು ಬರ್ತಾಳೋ ಇಲ್ಲವೋ ಗೊತ್ತಿಲ್ಲ ತಂಬಿ. ಬೆಳಿಗ್ಗೆಯಿಂದ ಅಡುಗೆ ಮಾಡ್ತಾ ಇದ್ದಾಳೆ. ಒಂಬತ್ತು ಜನಕ್ಕೆ. ಆದರೆ ಚರ್ಚಿಗೆ ಬರಲ್ಲ ಅಂತಾಳೆ. ಅವನು ನನ್ನ ಮದುವೆಗೆ ಬಾರಿಸಲಿಲ್ಲ, ಅವನ 'ಪಾಟ್ಟು', ಹಾಡು, ಕೇಳೋಕೆ ನಾನ್ಯಾಕೆ ಬರಲಿ ಅಂತಾಳೆ."

ಮುಂದೆ ನಡೆಯುತ್ತಿದ್ದ ಮಾವನ ಹೆಜ್ಜೆ ಸ್ವಲ್ಪ ನಿಧಾನವಾಯಿತು. ಅವರಿಗೆ ಕೇಳಿಸಿತ್ತು.

ಚರ್ಚು ಎಂದರೆ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ. ಎಲೆ ಕೀಳುವ ಹೆಂಗಸರು ಬುಟ್ಟಿಗಳನ್ನು ಹೊರಗಿಟ್ಟು ಬಂದು ಕೂತಿದ್ದರು. ಮಾವ ನೆಲದ ಮೇಲೆ, ಬಾಗಿಲಿಗೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಹಾಕಿ ಕೂತರು. ಹಾಡಿಸುವಾಗ ಅವರು ಕೂರುವುದು ಯಾವಾಗಲೂ ಹಾಗೆಯೇ. ಸಭೆಯಲ್ಲಿ ಚಿಕ್ಕಮ್ಮ ಇರಲಿಲ್ಲ. ಅದು ನಮಗೆ ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಅವರು ಒಂದು ಸಲವೂ ತಿರುಗಿ ನೋಡಲಿಲ್ಲ. ನನ್ನ ಮುಖವನ್ನು ನೋಡಿದರು. ನಾನು ತಾಳವನ್ನು ನೋಡಿಕೊಂಡೆ.

ಕೀರ್ತನೆ ಶುರುವಾಯಿತು. ಎಡಗೈ ಎದ್ದಿತು, ನಾವು ಬಾಯಿ ಮುಚ್ಚಿದೆವು. ಏನೂ ಇಲ್ಲ. ತಗಡಿನ ಮೇಲೆ ಗಾಳಿಯ ಸದ್ದು. ಕೈ ಇಳಿಯಿತು. ಎರಡನೆಯ ಚರಣ, ಮತ್ತೆ ಕೈ ಎದ್ದಿತು. ಆ ಸಲ ಕೈ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮೇಲೆಯೇ ಇತ್ತು. ಸಾಲೊಮೋನನ ತಾಳ ತಪ್ಪಿತು. ಕೊನೆಗೂ ಕೈ ಇಳಿಯಿತು.

ಮೂರನೆಯ ಚರಣದಲ್ಲಿ ಕೈ ಎದ್ದಾಗ ಬಾಗಿಲ ಕಡೆಯಿಂದ ಧೈವತ ಬಂತು.

ಹೆಂಗಸಿನ ದನಿ. ಅಭ್ಯಾಸ ತಪ್ಪಿ ಸ್ವಲ್ಪ ಒರಟಾಗಿತ್ತು. ಹೊಸಿಲ ಹೊರಗೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಬ್ಬರು ನಿಂತಿದ್ದರು. ಕೆನ್ನೆಯ ಮೇಲೆ ಕಡಲೆಹಿಟ್ಟು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಹಾಡು ತುಂಡಾಗದೆ ಒಂದು ಸಾಲು ಮುಗಿಸಿತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಎಸ್ತೇರಮ್ಮನವರು ಹಾಡುವುದನ್ನು ಬಿಟ್ಟು ಮೂಗು ಒರೆಸಿಕೊಳ್ಳುತ್ತಿದ್ದರು.

ಮಾವ ತಿರುಗಲಿಲ್ಲ. ಮುಂದಿನ ಸಾಲಿನಲ್ಲಿ ಆ ಜಾಗ ಬಂದಾಗ ಅವರು ಕೈ ಎತ್ತಲೂ ಇಲ್ಲ. ಎಡಗೈ ತಿದಿ ಒತ್ತುತ್ತಲೇ ಇತ್ತು. ಬಲಗೈಯ ಬೆರಳು ಎಂದೂ ಮುಟ್ಟದ ಆ ಬಿಳಿ ಕೀಯ ಮೇಲೆ ಹೋಗಿ ಕೂತಿತು. ಕೀ ಅಲುಗಲಿಲ್ಲ. ಸ್ವರ ಹೊಸಿಲಿನಿಂದ ಬಂತು. ಹಾಡು ಮುಗಿಯುವ ತನಕ ಹಾಗೆಯೇ ನಡೆಯಿತು. ಅವರು ಇಲ್ಲಿ ಒತ್ತುವುದು, ಆಕೆ ಅಲ್ಲಿ ನುಡಿಯುವುದು. ನಾನು ಟಣ್ ಎನ್ನಿಸುವುದನ್ನು ಮರೆತೆ. ಇಡೀ ಪ್ರವಾಸದಲ್ಲಿ ನನ್ನ ಸೇವೆಗೆ ಲೋಪ ಬಂದದ್ದು ಅದೊಂದೇ ಸಲ.

ಪ್ರಾರ್ಥನೆ ಮುಗಿದ ಮೇಲೆ ಚಿಕ್ಕಮ್ಮ ಬಂದು ಪೆಟ್ಟಿಗೆಯ ಎದುರು ಕುಕ್ಕರಗಾಲಲ್ಲಿ ಕೂತರು.

"ಅಣ್ಣ, ಆ ಬೀಜ ಇನ್ನೂ ತೆಗೆಸಿಲ್ವಾ?"

"ಹಾಕಿದವರೇ ತೆಗೀಬೇಕು."

"ಕೊಡು, ಈಗಲೇ ತೆಗೀತೀನಿ," ಎಂದು ಚಿಕ್ಕಮ್ಮ ಮುಡಿಯಿಂದ ಒಂದು ಪಿನ್ನು ಎಳೆದರು.

ಮಾವ ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟು ಮುಚ್ಚಿದರು. "ಈ ದೇಶದಲ್ಲಿ ತೆಗೆಯೋ ಹಾಗಿಲ್ಲ. ಆರ್ಡರ್ ಆಗಿದೆ." ಬೈಬಲ್ಲಿನಿಂದ ಕಾಗದ ತೆಗೆದು ಕೊಟ್ಟರು. ಚಿಕ್ಕಮ್ಮ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಅಣ್ಣನ ಹೊಸ ಕೋಟನ್ನು ನೋಡಿದರು.

"ಮತ್ತೆ ಎಲ್ಲಿ ತೆಗೀಲಿ?"

ಮಾವ ತಿರುಗಿ ಬಾಗಿಲಾಚೆಯ ಬೆಟ್ಟಗಳನ್ನು ನೋಡಿದರು. ಅಲ್ಲಿ ಮಂಜು ಇಳಿಯುತ್ತಿತ್ತು.

"ಊರಿಗೆ ಬಂದು ತೆಗಿ," ಎಂದರು. "ಡಿಸೆಂಬರಲ್ಲಿ ನಮ್ಮ ಕಡೆ ಹವಾ ಚೆನ್ನಾಗಿರುತ್ತೆ."